ಜೋಗದಲ್ಲಿ ಒಣ ಬಂಡೆ, ಹೊನ್ನಾವರದಲ್ಲಿ ಬೇಡದ ಸಿಹಿನೀರು: ಶರಾವತಿಯ ಟೈಂಟೇಬಲ್ ಯಾರ ಕೈಯಲ್ಲಿದೆ?

ಇವತ್ತಿನ ಸಂಚಿಕೆ ಕರೆಂಟು ಮತ್ತು ಹೊಳೆ ಬಗ್ಗೆ. ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತಿರೋರು, ಅಡುಗೆಮನೆ ಕಟ್ಟೆ ಮೇಲೆ ಫೋನ್ ಒರಗಿಸಿಟ್ಟು ಕೇಳ್ತಿರೋರು, ಎಲ್ಲರಿಗೂ ಒಂದು ಸಣ್ಣ ಲೆಕ್ಕ ಹೇಳಿ ಶುರು ಮಾಡ್ತೀನಿ.

ನಿಮ್ಮ ಫೋನು ಸೊನ್ನೆಯಿಂದ ನೂರಕ್ಕೆ ಚಾರ್ಜ್ ಆಗೋಕೆ, ಚಾರ್ಜರ್ ಬಿಸಿಯಾಗಿ ಕಳೆಯೋದೂ ಸೇರಿ, ಹೆಚ್ಚುಕಮ್ಮಿ 20ರಿಂದ 25 ವಾಟ್-ಅವರ್ ಬೇಕು. ಸಾವಿರ ವಾಟ್-ಅವರ್ ಸೇರಿದ್ರೆ ಒಂದು ಯೂನಿಟ್. ಶರಾವತಿ ವಿದ್ಯುದಾಗಾರದಲ್ಲಿ ನೀರು ದೊಡ್ಡ ಕೊಳವೆಗಳ ಒಳಗೆ 400 ಮೀಟರಿಗಿಂತ ಹೆಚ್ಚು ಎತ್ತರದಿಂದ ಇಳಿದು ಬಂದು ಟರ್ಬೈನ್ ತಿರುಗಿಸುತ್ತೆ. ಅಷ್ಟು ಎತ್ತರದಿಂದ ಬಿದ್ದ ನೀರಿನಲ್ಲಿ ಒಂದು ಯೂನಿಟ್ ತೆಗೆಯೋಕೆ ಸುಮಾರು ಸಾವಿರ ಲೀಟರ್ ಬೇಕು. ಅಂದ್ರೆ ಫೋನಿನ ಒಂದು ಫುಲ್ ಚಾರ್ಜ್‌ಗೆ 20-25 ಲೀಟರ್. ಬಚ್ಚಲುಮನೆಯ ಒಂದು ಬಕೆಟ್ಟು, ಮೇಲೆ ಒಂದೆರಡು ಚೊಂಬು.

ಇದನ್ನ ನಿಮಗೆ ಬೇಜಾರು ಮಾಡೋಕೆ ಹೇಳ್ತಿಲ್ಲ. ಆ ನೀರು ಖರ್ಚಾಗಿ ಹೋಗಲ್ಲ. ಟರ್ಬೈನ್ ತಿರುಗಿಸಿ ಆಚೆ ಬರುತ್ತೆ, ಮುಂದೆ ಹರಿಯುತ್ತೆ. ಕಲ್ಲಿದ್ದಲಿನ ಥರ ಹೊಗೆ ಇಲ್ಲ, ಬೂದಿ ಇಲ್ಲ. ಹಾಗಾಗಿ ತುಂಬ ಜನ ಕೇಳ್ತಾರೆ: ನೀರು ಹಾಗೇ ವಾಪಸ್ ಬರುತ್ತಲ್ಲ, ನದಿಗೇನು ಕಷ್ಟ?

ಪ್ರಶ್ನೆ ನ್ಯಾಯವಾದದ್ದೇ. ನನ್ನ ಉತ್ತರ ಇಷ್ಟು: ನೀರು ವಾಪಸ್ ಬರುತ್ತೆ, ಆದರೆ ಬೇರೆ ಜಾಗದಲ್ಲಿ, ಬೇರೆ ಹೊತ್ತಿನಲ್ಲಿ ಬರುತ್ತೆ. ನಮ್ಮಲ್ಲಿ ಅಣೆಕಟ್ಟಿನ ಚರ್ಚೆ ಅಂದ್ರೆ ಯಾವಾಗಲೂ "ಎಷ್ಟು ನೀರು" ಅನ್ನೋದೇ. "ಯಾವಾಗ" ಅಂತ ಕೇಳೋರು ಕಮ್ಮಿ. ಶರಾವತಿಯನ್ನ ಮೇಲಿಂದ ಕೆಳಗಿನವರೆಗೆ ಒಂದು ಸಲ ನೋಡಿದ್ರೆ ಈ "ಯಾವಾಗ" ಎಷ್ಟು ದೊಡ್ಡ ವಿಷಯ ಅಂತ ಗೊತ್ತಾಗುತ್ತೆ.

ನೀರು ಹೋಗುವ ದಾರಿ

ಶರಾವತಿ ಹುಟ್ಟೋದು ತೀರ್ಥಹಳ್ಳಿ ಹತ್ತಿರದ ಅಂಬುತೀರ್ಥದಲ್ಲಿ. ಸಮುದ್ರ ಸೇರೋದು ಹೊನ್ನಾವರದಲ್ಲಿ. ಉದ್ದ ಬರೀ 130 ಕಿಲೋಮೀಟರಿನ ಆಸುಪಾಸು. ಕೃಷ್ಣೆ, ಕಾವೇರಿ ಮುಂದೆ ಇದು ಪುಟ್ಟ ಹೊಳೆ. ಆದರೆ ಘಟ್ಟದ ಮೇಲಿಂದ ಕರಾವಳಿಗೆ ಒಮ್ಮೆಗೇ ಇಳಿಯುತ್ತೆ, ಮೇಲೆ ಮಳೆಯೂ ಧಾರಾಳ. ಜಲವಿದ್ಯುತ್ತಿಗೆ ಬೇಕಾಗಿರೋದು ಇವೆರಡೇ.

ಜೋಗದ ಕೆಳಗಿನ ಮಹಾತ್ಮಾ ಗಾಂಧಿ ವಿದ್ಯುದಾಗಾರ ಸ್ವಾತಂತ್ರ್ಯ ಬಂದ ಕಾಲದ್ದು. ಅದಕ್ಕೆ ಅಂತ ಕಟ್ಟಿದ್ದು ಹಿರೇಭಾಸ್ಕರ ಅಣೆಕಟ್ಟು, ಊರಿನವರು ಮಡೆನೂರು ಡ್ಯಾಂ ಅಂತಾರೆ. 1964ರಲ್ಲಿ ಲಿಂಗನಮಕ್ಕಿ ಬಂತು. ಹೊಸ ಅಣೆಕಟ್ಟಿನ ನೀರಿನಲ್ಲಿ ಹಳೇ ಅಣೆಕಟ್ಟೇ ಮುಳುಗಿಹೋಯ್ತು. ಬೇಸಿಗೆ ಕೊನೆಯಲ್ಲಿ ಹಿನ್ನೀರು ಇಳಿದಾಗ ಮಡೆನೂರು ಡ್ಯಾಂ ಮತ್ತೆ ತಲೆ ಎತ್ತುತ್ತೆ, ಜನ ನೋಡೋಕೆ ಹೋಗ್ತಾರೆ. ಡ್ಯಾಂ ಜೊತೆ ಊರುಗಳೂ ಮುಳುಗಿದವು. ಆ ಸಾವಿರಾರು ಕುಟುಂಬಗಳಲ್ಲಿ ಎಷ್ಟೋ ಮಂದಿಗೆ ಮೂರನೇ ತಲೆಮಾರಿಗೂ ಜಮೀನಿನ ಹಕ್ಕುಪತ್ರ ಸರಿಯಾಗಿ ಸಿಕ್ಕಿಲ್ಲ. ಅದೇ ಒಂದು ಬೇರೆ ಸಂಚಿಕೆ ಆಗುತ್ತೆ. ಸಿಗಂದೂರು ಸೇತುವೆ ಮೇಲೆ ರೀಲ್ಸ್ ಮಾಡೋವಾಗ ಕೆಳಗೆ ಕಾಣೋ ನೀರು ಯಾರದೋ ಅಡಿಕೆ ತೋಟದ ಮೇಲೆ ನಿಂತಿದೆ ಅಂತ ನೆನಪಿದ್ರೆ ಒಳ್ಳೇದು.

ಲಿಂಗನಮಕ್ಕಿ ಹಿಡಿಯೋದು ಸುಮಾರು 150 ಟಿಎಂಸಿ. ಕೆಆರ್‌ಎಸ್‌ನಂಥ ಮೂರು ಅಣೆಕಟ್ಟಿನ ನೀರು. ಅಲ್ಲಿಂದ ನೀರು ಕಾಲುವೆಯಲ್ಲಿ ತಲಕಳಲೆ ಅನ್ನೋ ಜಲಾಶಯಕ್ಕೆ ಹೋಗುತ್ತೆ. ತಲಕಳಲೆಯಿಂದ ಕೊಳವೆಗಳಲ್ಲಿ ಧುಮುಕಿ 1,035 ಮೆಗಾವಾಟಿನ ಶರಾವತಿ ವಿದ್ಯುದಾಗಾರ. ಅಲ್ಲಿಂದ ಹೊರಬಂದು ಗೇರುಸೊಪ್ಪ ಜಲಾಶಯ. ಗೇರುಸೊಪ್ಪದಲ್ಲಿ ಇನ್ನೊಂದು ಸಲ ಟರ್ಬೈನು, 240 ಮೆಗಾವಾಟ್. ಆಮೇಲೆ ಹೊನ್ನಾವರ, ಸಮುದ್ರ.

ಈ ದಾರಿಯಲ್ಲಿ ಜೋಗದ ಹೆಸರು ಬರಲೇ ಇಲ್ಲ, ಗಮನಿಸಿದ್ರಾ? 253 ಮೀಟರ್ ಎತ್ತರದ ಜಲಪಾತವನ್ನ ಪಕ್ಕಕ್ಕಿಟ್ಟು ಹೊಳೆಯ ಬಹುಪಾಲು ಕೊಳವೆಯೊಳಗೆ ಹೋಗುತ್ತೆ. ಮಾರ್ಚ್-ಏಪ್ರಿಲ್‌ನಲ್ಲಿ ಜೋಗಕ್ಕೆ ಹೋಗಿ "ಇಷ್ಟೇನಾ" ಅಂತ ವಾಪಸ್ ಬಂದೋರು ನಿಮ್ಮಲ್ಲೂ ಇರ್ತೀರಿ. ರಾಜ, ರಾಣಿ, ರೋರರ್, ರಾಕೆಟ್ ಅಂತ ನಾಲ್ಕು ಹೆಸರು, ಎದುರಿಗೆ ಬರೀ ಒಣ ಬಂಡೆ. ಆದರೆ ಅದೇ ಏಪ್ರಿಲ್‌ನಲ್ಲಿ ಕೆಳಗೆ ಗೇರುಸೊಪ್ಪದಿಂದ ಹೊನ್ನಾವರದ ಕಡೆಗೆ ಹೊಳೆ ಚೆನ್ನಾಗೇ ಹರೀತಿರುತ್ತೆ, ಅಣೆಕಟ್ಟು ಇಲ್ಲದ ಕಾಲದ ಬೇಸಿಗೆಯಲ್ಲಿ ಹರೀತಿದ್ದದ್ದಕ್ಕಿಂತ ಎಷ್ಟೋ ಹೆಚ್ಚು. ಯಾಕಂದ್ರೆ ಮಳೆಗಾಲದ ನೀರನ್ನ ಮೇಲೆ ಕೂಡಿಟ್ಟು, ಕರೆಂಟಿಗೆ ಹಾಹಾಕಾರ ಇರೋ ಬೇಸಿಗೆಯಲ್ಲಿ ಬಿಡ್ತಾರೆ. ಅಣೆಕಟ್ಟು ಕಟ್ಟಿದ್ದೇ ಅದಕ್ಕೆ.

ಮಾಮೂಲು ಪರಿಸರದ ಕಥೆಗಳಲ್ಲಿ ಹೊಳೆ ಬತ್ತಿತು ಅಂತ ಅಳ್ತಾರೆ. ಶರಾವತಿಯ ಅಳಿವೆಯಲ್ಲಿ ಕಥೆ ತಿರುಗುಮುರುಗು. ಅಲ್ಲಿನ ಕಷ್ಟ, ಬೇಡದ ಹೊತ್ತಲ್ಲಿ ಬರೋ ಸಿಹಿನೀರು.

ಉಪ್ಪು ಬೇಕಾದ ಜಾಗ

ಅಳಿವೆ ಅಂದ್ರೆ ಹೊಳೆ ಸಮುದ್ರ ಸೇರೋ ಬಾಯಿ. ಅಲ್ಲಿ ಉಪ್ಪು ಮತ್ತು ಸಿಹಿ ಎರಡೂ ಬೆರೆಯುತ್ತೆ. ಮಳೆಗಾಲದಲ್ಲಿ ಹೊಳೆಯದ್ದೇ ಜೋರು, ನೀರು ಪೂರ್ತಿ ಸಿಹಿ. ದೀಪಾವಳಿ ಕಳೆದು ಹರಿವು ಕಮ್ಮಿ ಆಗ್ತಾ ಬಂದ ಹಾಗೆ ಉಬ್ಬರದ ಜೊತೆ ಸಮುದ್ರದ ನೀರು ನಿಧಾನಕ್ಕೆ ಒಳಗೆ ಬರುತ್ತೆ. ಬೇಸಿಗೆಯಲ್ಲಿ ಅಳಿವೆ ಉಪ್ಪಾಗುತ್ತೆ. ಮೀನು, ಸೀಗಡಿ, ಏಡಿ, ಕರಾವಳಿಯವರು ಸಾರು ಮಾಡೋ ಬೆಳಚು ಥರದ ಚಿಪ್ಪುಜೀವಿಗಳು, ದಡದ ಕಾಂಡ್ಲಾ ಗಿಡಗಳು ಎಲ್ಲವೂ ಈ ಸಿಹಿ-ಉಪ್ಪಿನ ಸರದಿಗೆ ಒಗ್ಗಿಕೊಂಡು ಬಂದಿರೋವು. ಮೊಟ್ಟೆ ಇಡೋದು, ಮರಿ ಬೆಳೆಯೋದು ಎಲ್ಲ ಆ ಕ್ಯಾಲೆಂಡರಿನ ಪ್ರಕಾರ.

ಈಗ ಬೇಸಿಗೆಯಲ್ಲೂ ಮೇಲಿಂದ ಸಿಹಿನೀರು ಸುರಿದ್ರೆ? ಉಪ್ಪು ಒಳಗೆ ಬರೋಕೆ ಆಗಲ್ಲ. ಶರಾವತಿ ಅಳಿವೆಯಲ್ಲಿ ಆಗಿರೋದು ಇದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಉತ್ತರ ಕನ್ನಡದ ಅಳಿವೆಗಳನ್ನ ವರ್ಷಗಟ್ಟಲೆ ನೋಡಿ ಇದನ್ನ ದಾಖಲಿಸಿದ್ದಾರೆ: ಶರಾವತಿಯ ಬಾಯಲ್ಲಿ ಉಪ್ಪಿನಂಶ ಇಳಿದಿದೆ, ಅದರ ಜೊತೆ ಮೀನಿನ ಜಾತಿಗಳೂ ಚಿಪ್ಪುಜೀವಿಗಳೂ ಕಮ್ಮಿ ಆಗಿವೆ.

"ಮೀನು ಎಲ್ಲಾ ಕಡೆ ಕಮ್ಮಿ ಆಗಿದೆ, ಡ್ಯಾಂದೇ ತಪ್ಪು ಅಂತ ಹೇಗೆ ಹೇಳ್ತೀರಿ" ಅಂತ ನೀವು ಕೇಳಬಹುದು. ಅದಕ್ಕೆ ಉತ್ತರ ಪಕ್ಕದಲ್ಲೇ ಇದೆ. ಹೊನ್ನಾವರದಿಂದ ಬಸ್ ಹತ್ತಿ ಕುಮಟಾ ದಾಟಿದ್ರೆ ಅಘನಾಶಿನಿ. ಅದೇ ಘಟ್ಟ, ಅದೇ ಮಳೆ, ಅದೇ ಸಮುದ್ರ. ವ್ಯತ್ಯಾಸ ಅಂದ್ರೆ ಅಘನಾಶಿನಿಗೆ ಅಣೆಕಟ್ಟು ಇಲ್ಲ. ಅಲ್ಲಿ ಬೇಸಿಗೆಯಲ್ಲಿ ಇಳಿತದ ಹೊತ್ತಿಗೆ ಹೆಂಗಸರು, ಗಂಡಸರು ಮೊಣಕಾಲುದ್ದ ನೀರಲ್ಲಿ ಬಗ್ಗಿ ಬೆಳಚು ಹೆಕ್ಕೋದನ್ನ ಈಗಲೂ ನೋಡಬಹುದು. ಗಜನಿ ಗದ್ದೆಗಳಲ್ಲಿ ಉಪ್ಪು ತಡೆಯೋ ಕಗ್ಗ ಭತ್ತ ಇದೆ. ಸಾಣಿಕಟ್ಟಾದಲ್ಲಿ ಉಪ್ಪು ಬೆಳೀತಾರೆ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿತು, ಅಂದ್ರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ ಅಂತ ಮಾನ್ಯತೆ. ಲ್ಯಾಬಿನಲ್ಲಿ ಇಂಥ ಪ್ರಯೋಗ ಮಾಡೋಕೆ ಆಗಲ್ಲ. ಎರಡು ಅಕ್ಕಪಕ್ಕದ ಹೊಳೆ, ಒಂದಕ್ಕೆ ಅಣೆಕಟ್ಟು, ಇನ್ನೊಂದಕ್ಕೆ ಇಲ್ಲ. ಫಲಿತಾಂಶ ಮೀನುಪೇಟೆಯ ಬುಟ್ಟಿಯಲ್ಲಿ ಕಾಣುತ್ತೆ.

ಕರೆಂಟಿನ ಗಡಿಯಾರ

ಇನ್ನೊಂದು ಗಡಿಯಾರ ಇದೆ, ಗ್ರಿಡ್ಡಿನದು. ಅದನ್ನ ಅರ್ಥ ಮಾಡ್ಕೊಳ್ಳದೇ ಕೆಪಿಸಿಎಲ್‌ನವರನ್ನ ಬೈಯೋದು ಸುಲಭ, ಆದರೆ ನ್ಯಾಯ ಅಲ್ಲ.

ಕರೆಂಟನ್ನ ದೊಡ್ಡ ಪ್ರಮಾಣದಲ್ಲಿ ಡಬ್ಬಿಯಲ್ಲಿ ತುಂಬಿಡೋದು ಇನ್ನೂ ದುಬಾರಿ. ಬೇಕಾದ ಕ್ಷಣಕ್ಕೆ ಬೇಕಾದಷ್ಟೇ ತಯಾರಾಗಬೇಕು. ಕಲ್ಲಿದ್ದಲಿನ ಬಾಯ್ಲರ್ ತಣ್ಣಗಿದ್ರೆ ಬಿಸಿಯಾಗೋಕೆ ಗಂಟೆಗಟ್ಟಲೆ ಬೇಕು. ಟರ್ಬೈನಿಗೆ ನೀರು ಬಿಟ್ರೆ ಕೆಲವೇ ನಿಮಿಷ. ಈಗ ನಮ್ಮಲ್ಲಿ ಸೋಲಾರ್ ಎಷ್ಟಿದೆ ಗೊತ್ತಲ್ಲ, ಪಾವಗಡದ ಸೋಲಾರ್ ಪಾರ್ಕ್ ಒಂದೇ 2,050 ಮೆಗಾವಾಟ್. ಮಧ್ಯಾಹ್ನ ಕರೆಂಟು ಬೇಕಾದಷ್ಟು. ಸಂಜೆ ಆರೂವರೆಗೆ ಸೂರ್ಯ ಮುಳುಗ್ತಾನೆ, ಅದೇ ಹೊತ್ತಿಗೆ ಇಡೀ ರಾಜ್ಯ ಮನೆಗೆ ಬಂದು ಲೈಟು, ಫ್ಯಾನು, ಟಿವಿ, ಮಿಕ್ಸಿ ಹಾಕುತ್ತೆ. ಆ ಗುಂಡಿ ತುಂಬೋದು ಶರಾವತಿ, ಕಾಳಿ, ವಾರಾಹಿ. ಬಿಸಿಲಿನ ಕರೆಂಟು ಹೆಚ್ಚಾದಷ್ಟೂ ಹೊಳೆ ಮೇಲೆ ಸಂಜೆಯ ಒತ್ತಡ ಹೆಚ್ಚಾಗುತ್ತೆ. ಸೋಲಾರ್ ಬಂದ್ರೆ ನದಿ ಬಚಾವ್ ಅಂತ ಅಂದ್ಕೊಂಡೋರಿಗೆ ಇದು ಸ್ವಲ್ಪ ಕಹಿ ಗುಳಿಗೆ.

ಹೊಳೆಯ ದೃಷ್ಟಿಯಿಂದ ನೋಡಿ. ದಿನಕ್ಕೆ ಒಂದು ಸಲ, ಎರಡು ಸಲ ನೀರು ಏರುತ್ತೆ, ಇಳಿಯುತ್ತೆ. ದಡದ ಕಲ್ಲಿಗೆ ಅಂಟಿಸಿದ ಮೊಟ್ಟೆ ಬೆಳಿಗ್ಗೆ ಒಣಗಿರುತ್ತೆ. ಗುಂಡಿಯಲ್ಲಿದ್ದ ಮರಿಮೀನು ಹೊಳೆಯಿಂದ ಕಡಿದುಹೋಗಿ ಅಲ್ಲೇ ಸಿಕ್ಕಿಹಾಕ್ಕೊಳ್ಳುತ್ತೆ.

ಮನುಷ್ಯರಿಗೂ ಇದು ಆಟವಲ್ಲ. 2014ರ ಜೂನ್ 8ರಂದು ಹಿಮಾಚಲದ ಮಂಡಿ ಜಿಲ್ಲೆಯಲ್ಲಿ, ಬಿಯಾಸ್ ನದಿಯ ಬಂಡೆಗಳ ಮೇಲೆ ಹೈದರಾಬಾದಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಫೋಟೊ ತೆಗೀತಾ ನಿಂತಿದ್ರು. ಟೂರಿಗೆ ಬಂದಿದ್ರು. ಮೇಲೆ ಲಾರ್ಜಿ ಜಲವಿದ್ಯುತ್ ಯೋಜನೆಯ ಅಣೆಕಟ್ಟಿನಿಂದ ನೀರು ಬಿಟ್ರು. ನೋಡನೋಡ್ತಾ ನೀರು ಏರಿತು. 24 ವಿದ್ಯಾರ್ಥಿಗಳು, ಜೊತೆಗೆ ಬಂದಿದ್ದ ಒಬ್ಬರು, ಒಟ್ಟು 25 ಜನ ಹೋದರು. ಹಿಮಾಚಲ ಹೈಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಅಣೆಕಟ್ಟಿನ ಕೆಳಗಿನ ಹೊಳೆ ಎಷ್ಟು ಶಾಂತವಾಗಿ ಕಂಡ್ರೂ ಅದರ ಕೀಲಿ ಮೇಲೆ ಎಲ್ಲೋ ಇರುತ್ತೆ. ಆಕಾಶ ನೋಡಿ "ಮಳೆ ಇಲ್ಲ, ಇಳಿಯೋಣ" ಅಂತ ಲೆಕ್ಕ ಹಾಕಬೇಡಿ. ಸೈರನ್ ಕೇಳಿದ್ರೆ ಬ್ಯಾಗ್ ಬಿಟ್ಟು ಮೇಲೆ ಓಡಿ.

ನಿಯಮ ಇದೆಯಾ?

ಇದೆ, ಅಲ್ಲಲ್ಲಿ. ಕೇಂದ್ರ ಸರ್ಕಾರ 2018ರ ಅಕ್ಟೋಬರ್‌ನಲ್ಲಿ ಗಂಗೆಗೆ ಪರಿಸರ ಹರಿವಿನ ಅಧಿಸೂಚನೆ ಹೊರಡಿಸಿತು. ಹರಿದ್ವಾರದವರೆಗಿನ ಮೇಲಿನ ಗಂಗೆಯಲ್ಲಿ ನವೆಂಬರ್‌ನಿಂದ ಮಾರ್ಚ್‌ವರೆಗೆ ತಿಂಗಳ ಸರಾಸರಿ ಹರಿವಿನ ಶೇ 20, ಅಕ್ಟೋಬರ್, ಏಪ್ರಿಲ್, ಮೇ ತಿಂಗಳಲ್ಲಿ ಶೇ 25, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೇ 30 ಬಿಡಲೇಬೇಕು. ಹಳೇ ಯೋಜನೆಗಳಿಗೆ ಮೊದಲು ಮೂರು ವರ್ಷ ಟೈಂ ಕೊಟ್ಟಿದ್ರು, ಆಮೇಲೆ ಅದನ್ನ 2019ರ ಡಿಸೆಂಬರ್ 15ಕ್ಕೆ ಹಿಂದಕ್ಕೆ ತಂದರು. ನನಗೆ ಇದರಲ್ಲಿ ಇಷ್ಟವಾದದ್ದು, ತಿಂಗಳಿಗೆ ತಕ್ಕ ಹಾಗೆ ಅಂಕಿ ಬದಲಾಗುತ್ತೆ. ಹೊಳೆಗೂ ಋತು ಇದೆ ಅಂತ ಕಡೇಪಕ್ಷ ಒಪ್ಪಿಕೊಂಡ್ರಲ್ಲ.

ಆದರೆ ಆ ಅಧಿಸೂಚನೆ ಗಂಗೆಗೆ ಮಾತ್ರ. ಲಿಂಗನಮಕ್ಕಿ ಕಟ್ಟಿದ 1964ರಲ್ಲಿ ಪರಿಸರ ಅನುಮತಿ ಅನ್ನೋ ಪದ್ಧತಿಯೇ ಇರಲಿಲ್ಲ. ಪರಿಸರ ಸಂರಕ್ಷಣಾ ಕಾಯ್ದೆ ಬಂದದ್ದೇ 1986ರಲ್ಲಿ. ಸರಿ, ಗಂಗೆಯ ನಿಯಮವನ್ನೇ ಇಲ್ಲಿಗೂ ತಂದ್ರೆ? ಜೋಗಕ್ಕೆ ಅನುಕೂಲ ಆಗುತ್ತೆ. ಹೊನ್ನಾವರಕ್ಕೆ ಏನೂ ಆಗಲ್ಲ. ಯಾಕಂದ್ರೆ ಅದು "ಇಷ್ಟಕ್ಕಿಂತ ಕಮ್ಮಿ ಬಿಡಬೇಡಿ" ಅನ್ನೋ ನಿಯಮ. ಅಳಿವೆಗೆ ಬೇಕಾಗಿರೋದು "ಈ ವಾರಗಳಲ್ಲಿ ಇಷ್ಟಕ್ಕಿಂತ ಜಾಸ್ತಿ ಬಿಡಬೇಡಿ" ಅನ್ನೋದು. ಅಂಥ ನಿಯಮದ ಸುದ್ದಿ ನಮ್ಮಲ್ಲಿ ಯಾರೂ ಎತ್ತಲ್ಲ.

ಜೋಗಕ್ಕೆ ನೀರು ಬಿಟ್ರೆ ಎಷ್ಟು ಖರ್ಚು? ಒಂದು ಲೆಕ್ಕ ಹಾಕಿ ನೋಡಿದೆ. ಸೆಕೆಂಡಿಗೆ ಹತ್ತು ಸಾವಿರ ಲೀಟರ್ ಜಲಪಾತದ ಮೇಲಿಂದ ಬಿಡ್ತಾರೆ ಅಂದ್ಕೊಳ್ಳಿ. ಶುರುವಿನಲ್ಲಿ ಹೇಳಿದ ಹಾಗೆ ಸಾವಿರ ಲೀಟರಿಗೆ ಒಂದು ಯೂನಿಟ್. ಅಂದ್ರೆ ಸೆಕೆಂಡಿಗೆ ಹತ್ತು ಯೂನಿಟ್, ಗಂಟೆಗೆ 36 ಸಾವಿರ ಯೂನಿಟ್. 36 ಮೆಗಾವಾಟ್ ಕೈಬಿಟ್ಟ ಹಾಗೆ. 1,035ರಲ್ಲಿ ಶೇ 3.5ರಷ್ಟು. ಹಗಲು ಹನ್ನೆರಡು ಗಂಟೆ ಬಿಟ್ರೂ ದಿನಕ್ಕೆ ನಾಲ್ಕು ಲಕ್ಷ ಯೂನಿಟ್ ದಾಟುತ್ತೆ. ಆ ನೀರು ಕೆಳಗೆ ಗೇರುಸೊಪ್ಪದಲ್ಲಿ ಮತ್ತೆ ಸಿಗುತ್ತೆ ನಿಜ, ಆದರೆ ಅಲ್ಲಿ ಎತ್ತರ ಕಮ್ಮಿ, ಅಷ್ಟು ಕರೆಂಟು ಹುಟ್ಟಲ್ಲ. ಸಣ್ಣ ಮೊತ್ತ ಅಲ್ಲ ಇದು. ಪರಿಸರದವರು "ಏನು ಮಹಾ, ಬಿಟ್ರಾಯ್ತು" ಅಂತ ಹೇಳೋವಾಗ ಈ ಅಂಕಿಯನ್ನೂ ಜೊತೆಗೆ ಹೇಳಬೇಕು ಅನ್ನೋದು ನನ್ನ ಅಭಿಪ್ರಾಯ. ಖರ್ಚು ಮುಚ್ಚಿಟ್ಟು ಕೇಳಿದ್ರೆ ಎಂಜಿನಿಯರ್ ಮೊದಲ ನಿಮಿಷದಲ್ಲೇ ಕಿವಿ ಮುಚ್ಚಿಕೊಳ್ತಾರೆ.

ಎಲ್ಲ ಬದಲಾವಣೆಗೂ ಇಷ್ಟು ಖರ್ಚಿಲ್ಲ, ಹೊತ್ತು ಬದಲಾಯಿಸಿದ್ರೇ ಸಾಕು ಅನ್ನೋದಕ್ಕೆ ಅಮೆರಿಕದ ಒಂದು ಉದಾಹರಣೆ ಹೇಳ್ತೀನಿ. ಕೊಲರಾಡೊ ನದಿಗೆ ಗ್ಲೆನ್ ಕ್ಯಾನ್ಯನ್ ಅಂತ ಅಣೆಕಟ್ಟಿದೆ, ಲಿಂಗನಮಕ್ಕಿಯ ಹೆಚ್ಚುಕಮ್ಮಿ ಒಂದೇ ವಯಸ್ಸು. ಅದರ ಕೆಳಗೆ ಹೊಳೆಯ ಹುಳುಹುಪ್ಪಟೆ ತೀರಾ ಕಮ್ಮಿ ಆಗಿತ್ತು, ಹುಳು ಇಲ್ಲದೆ ಮೀನಿಗೆ ಊಟ ಇಲ್ಲ. ಕಾರಣ ನಾನು ಆಗಲೇ ಹೇಳಿದ್ದೇ: ನೀರಿನಂಚಿನ ಕಲ್ಲಿಗೆ ಮೊಟ್ಟೆ ಅಂಟಿಸ್ತಾವೆ, ಕರೆಂಟಿನ ಬೇಡಿಕೆ ಇಳಿದಾಗ ನೀರೂ ಇಳಿದು ಮೊಟ್ಟೆ ಒಣಗುತ್ತೆ. 2018ರ ಮೇ ತಿಂಗಳಿಂದ ಆಗಸ್ಟ್‌ವರೆಗೆ ಅಲ್ಲಿನವರು ಒಂದು ಪ್ರಯೋಗ ಮಾಡಿದರು. ಶನಿವಾರ, ಭಾನುವಾರ ಮಾತ್ರ ಹೊಳೆಯನ್ನ ತಗ್ಗಿನ ಮಟ್ಟದಲ್ಲಿ ಅಲುಗಾಡದ ಹಾಗೆ ಹಿಡಿದಿಟ್ಟರು. ವಾರಾಂತ್ಯಕ್ಕೆ ಹೇಗೂ ಕರೆಂಟಿನ ಬೇಡಿಕೆ ಕಮ್ಮಿ. ಆ ಎರಡು ದಿನ ಇಟ್ಟ ಮೊಟ್ಟೆ ತಗ್ಗಿನಲ್ಲೇ ಇರುತ್ತಲ್ಲ, ಸೋಮವಾರದಿಂದ ನೀರು ಏರಿದ್ರೂ ಇಳಿದ್ರೂ ಅದು ಮುಳುಗೇ ಇರುತ್ತೆ. ಹುಳುಗಳು ಹೆಚ್ಚಾದವು. ಗೋಡೆ ಒಡೀಲಿಲ್ಲ, ಹೊಸ ಯಂತ್ರ ತರಲಿಲ್ಲ, ಟೈಂಟೇಬಲ್ ಬದಲಾಯಿಸಿದರು ಅಷ್ಟೇ.

ನಮ್ಮಲ್ಲಿ ಇದನ್ನೇ ನಕಲು ಮಾಡಿ ಅಂತ ಹೇಳ್ತಿಲ್ಲ. ಶರಾವತಿಗೆ ಯಾವ ವಾರ ಮುಖ್ಯ, ಬೆಳಚು ಯಾವಾಗ ಮರಿ ಹಾಕುತ್ತೆ ಅನ್ನೋದು ಹೊನ್ನಾವರದ ಮೀನುಗಾರರಿಗೂ ಇಲ್ಲಿನ ವಿಜ್ಞಾನಿಗಳಿಗೂ ಗೊತ್ತಿರುತ್ತೆ. ಅವರನ್ನ ಕರೆದು ಕೂರಿಸಿ ಕೇಳಬೇಕು.

ಪಂಪ್ಡ್ ಸ್ಟೋರೇಜ್: ಒಳ್ಳೇದಾ, ಕೆಟ್ಟದ್ದಾ?

ಈ ಪ್ರಶ್ನೆ ಕೇಳದೆ ನೀವು ನನ್ನನ್ನ ಬಿಡಲ್ಲ ಅಂತ ಗೊತ್ತು. ಯೋಜನೆ ಇಷ್ಟು: 2,000 ಮೆಗಾವಾಟ್. ಮಧ್ಯಾಹ್ನ ಸೋಲಾರ್ ಕರೆಂಟು ಹೆಚ್ಚಿದ್ದಾಗ ಗೇರುಸೊಪ್ಪದ ನೀರನ್ನ ಮೇಲಕ್ಕೆ ತಲಕಳಲೆಗೆ ಪಂಪ್ ಮಾಡೋದು, ಸಂಜೆ ಅದೇ ನೀರನ್ನ ಕೆಳಗೆ ಬಿಟ್ಟು ಕರೆಂಟು ತೆಗೆಯೋದು. ನೂರು ಯೂನಿಟ್ ಹಾಕಿದ್ರೆ ಎಪ್ಪತ್ತೈದು, ಎಂಬತ್ತು ವಾಪಸ್. ಹೊಳೆಯನ್ನೇ ಒಂದು ದೊಡ್ಡ ಪವರ್ ಬ್ಯಾಂಕ್ ಮಾಡಿದ ಹಾಗೆ.

ಯೋಜನೆಯ ಪರ ಇರೋರ ಒಂದು ಮಾತಿನಲ್ಲಿ ಹುರುಳಿದೆ. ಸಂಜೆಯ ಕರೆಂಟು ಮೇಲೆ-ಕೆಳಗೆ ಓಡಾಡೋ ನೀರಿನಿಂದಲೇ ಬಂದ್ರೆ, ಲಿಂಗನಮಕ್ಕಿಯ ನೀರನ್ನ ಯಾವಾಗ ಸಮುದ್ರಕ್ಕೆ ಬಿಡಬೇಕು ಅನ್ನೋದರಲ್ಲಿ ಸ್ವಲ್ಪ ಸ್ವಾತಂತ್ರ್ಯ ಸಿಗುತ್ತೆ. ಸಿದ್ಧಾಂತದಲ್ಲಿ ಅದು ಅಳಿವೆಗೆ ಒಳ್ಳೇದು. ಆದರೆ ಒಟ್ಟು ನೀರು ಕಮ್ಮಿ ಆಗಲ್ಲ. ವರ್ಷವಿಡೀ ತುಂಬಿದ ಜಲಾಶಯವನ್ನ ಮುಂದಿನ ಜೂನ್ ಒಳಗೆ ಖಾಲಿ ಮಾಡಲೇಬೇಕು, ಇಲ್ಲದಿದ್ರೆ ಹೊಸ ಮಳೆಗೆ ಜಾಗ ಇರಲ್ಲ. ಸಿಕ್ಕ ಸ್ವಾತಂತ್ರ್ಯವನ್ನ ಹೊಳೆಗೋಸ್ಕರ ಬಳಸಿ ಅಂತ ಯಾವುದಾದರೂ ಷರತ್ತು ಇದ್ದರೆ ತಾನೇ ಹೊಳೆಗೆ ಲಾಭ?

ವಿರೋಧ ಮಾಡೋರ ಮಾತಂತೂ ಕಣ್ಣಿಗೆ ಕಾಣೋವಂಥದ್ದು. ಸುರಂಗ ಕೊರೆಯೋದು, ರಸ್ತೆ ಮಾಡೋದು, ತಂತಿ ಎಳೆಯೋದು ಎಲ್ಲ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯದ ಜಾಗದಲ್ಲಿ. 2019ರಲ್ಲಿ ಘೋಷಿಸಿದ ಸುಮಾರು 930 ಚದರ ಕಿಲೋಮೀಟರಿನ ಕಾಡು ಅದು. ಸಿಂಗಳೀಕ ಮರದ ಮೇಲಿಂದ ಮರದ ಮೇಲೆ ಬದುಕೋ ಪ್ರಾಣಿ, ನೆಲಕ್ಕೆ ಇಳಿಯೋದು ಅಪರೂಪ. ಮರಗಳ ಚಪ್ಪರ ಒಂದು ಕಡೆ ಕಡಿದುಹೋದ್ರೆ ಗುಂಪು ಎರಡಾಗುತ್ತೆ. ಹಸಿರು ಕರೆಂಟಿಗೆ ಅಂತ ಹಸಿರು ಕಡಿಯೋ ಈ ಲೆಕ್ಕ ನನಗೆ ಸರಿ ಕಾಣಲ್ಲ. ಪಂಪ್ಡ್ ಸ್ಟೋರೇಜ್ ಬೇಕು, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಅದನ್ನ ಹಳೇ ಕ್ವಾರಿಯಲ್ಲೋ ಬಯಲುಸೀಮೆಯ ಬೋಳುಗುಡ್ಡದಲ್ಲೋ ಹೊಳೆಯಿಂದ ದೂರ ಕಟ್ಟೋಕೆ ಬರುತ್ತೆ. ಎತ್ತರದ ವ್ಯತ್ಯಾಸ ಒಂದಿದ್ರೆ ಸಾಕು, ನೀರನ್ನ ಒಂದು ಸಲ ತುಂಬಿಸಿಕೊಂಡ್ರೆ ಅದೇ ಓಡಾಡುತ್ತೆ.

ಒಂದು ಕೊನೇ ಮಾತು. ಜೂನ್ ಬಂದ್ರೆ ಪ್ರತಿದಿನ ಪೇಪರಿನಲ್ಲಿ, ವಾಟ್ಸ್ಆ್ಯಪ್ ಗುಂಪಿನಲ್ಲಿ "ಲಿಂಗನಮಕ್ಕಿ ಇಂದಿನ ಮಟ್ಟ" ಅಂತ ಬರುತ್ತೆ. ಗರಿಷ್ಠ 1,819 ಅಡಿ, ಇಂದು ಇಷ್ಟು, ಒಳಹರಿವು ಇಷ್ಟು. ಮಲೆನಾಡಿನ ಮಕ್ಕಳಿಗೂ ಆ 1,819 ಬಾಯಿಪಾಠ. ಗೇರುಸೊಪ್ಪದಿಂದ ಇವತ್ತು ಯಾವ ಗಂಟೆಗೆ ಎಷ್ಟು ನೀರು ಬಿಟ್ಟರು, ಹೊನ್ನಾವರದ ಸೇತುವೆ ಕೆಳಗೆ ನೀರು ಇವತ್ತು ಎಷ್ಟು ಉಪ್ಪಾಗಿತ್ತು ಅನ್ನೋ ಎರಡು ಸಾಲನ್ನ ಅದರ ಕೆಳಗೆ ಸೇರಿಸೋಕೆ ದೊಡ್ಡ ಖರ್ಚೇನಿಲ್ಲ. ಉಪ್ಪಿನಂಶ ಅಳೆಯೋ ಮೀಟರು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಹೊನ್ನಾವರ, ಕುಮಟಾ ಕಡೆ ಕಾಲೇಜಿನಲ್ಲಿ ಓದ್ತಿರೋರು ಯಾರಾದ್ರೂ ಕೇಳ್ತಿದ್ದೀರಾ? ನಿಮ್ಮ ಲ್ಯಾಬಿನಲ್ಲಿ ಆ ಮೀಟರ್ ಇದ್ದರೆ, ಡಿಸೆಂಬರ್‌ನಿಂದ ಮೇವರೆಗೆ ವಾರಕ್ಕೊಂದು ಸಲ ಎರಡೂ ಅಳಿವೆಯ ನೀರು ಅಳೆದು ಬರೆದಿಡಿ. ಒಂದು ಎಚ್ಚರ, ಅಳೆಯೋವಾಗ ಉಬ್ಬರವೋ ಇಳಿತವೋ ಅಂತ ಸಮಯದ ಜೊತೆ ಬರೀಬೇಕು, ಇಲ್ಲದಿದ್ರೆ ಅಂಕಿಗೆ ಅರ್ಥ ಇರಲ್ಲ. ಅಳೆದದ್ದನ್ನ ನಮಗೆ ಕಳಿಸಿ, ಮಳೆ ಶುರುವಾಗೋ ಮುಂಚೆ ಅದನ್ನೇ ಇಟ್ಕೊಂಡು ಇನ್ನೊಂದು ಸಂಚಿಕೆ ಮಾಡೋಣ.